ಅಂಗಳದ ಕರಿಕೆ ಮತ್ತು ನಮ್ಮ ಅತ್ತೆಯವರು

ನನಗೊಂದು ಹೊಸ ಚಟ ಹತ್ತಿದೆ. ಯಾರ ಮನೆಗೆ ಹೋದರೂ ಅವರ ಮುಖ ನೋಡುವ ಮೊದಲು ಅಂಗಳದ ನೆಲ ನೋಡುತ್ತೇನೆ. ಮೊನ್ನೆ ಹುಬ್ಬಳ್ಳಿಯಲ್ಲಿ ದೂರದ ಸಂಬಂಧಿಕರ ಮನೆಯಲ್ಲಿ ನಿಶ್ಚಿತಾರ್ಥವಿತ್ತು. ಮನೆಯ ಯಜಮಾನರು ಕೈಮುಗಿದು ಬಾಗಿಲಲ್ಲಿ ನಿಂತಿದ್ದಾರೆ, ನಾನು ಅವರ ಅಂಗಳದ ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಬುಡ ಕೆದರಿ ನೋಡುತ್ತಿದ್ದೇನೆ.

“ಏನರ ಬಿತ್ತೇನ್ರಿ ಮಾಸ್ತರ?” ಎಂದು ಅವರು ಗಾಬರಿಯಿಂದ ಇಳಿದು ಬಂದರು.

“ಇಲ್ರಿ, ನೀರು ಸ್ವಲ್ಪ ಹೆಚ್ಚಾಗೇತಿ” ಎಂದೆ.

ನನ್ನ ಹೆಂಡತಿ ಗಿರಿಜಾ ಯಾರಿಗೂ ಕಾಣದಂತೆ ನನ್ನ ಮೊಣಕೈ ಚಿವುಟಿದಳು. ಚಿವುಟಿದ ಗುರುತು ಎರಡು ದಿನ ಇತ್ತು. ಅವರ ಹುಲ್ಲಿನ ಬುಡದಲ್ಲಿ ಪಾಚಿ ಕಟ್ಟಿದ್ದೂ ನಿಜವೇ ಇತ್ತು.

ಈ ಚಟ ಹೇಗೆ ಹತ್ತಿತು ಎಂದು ಹೇಳುತ್ತೇನೆ ಕೇಳಿ. ಹೇಳುವಾಗ ಸ್ವಲ್ಪ ಆಚೀಚೆ ಹೋಗಬಹುದು. ಮೂವತ್ತೈದು ವರ್ಷ ಗಣಿತದ ಮಾಸ್ತರನಾಗಿ ಕರಿಹಲಗೆಯ ಮೇಲೆ ನೇರ ಗೆರೆ ಎಳೆದವನು ನಾನು. ನಿವೃತ್ತನಾದ ಮೇಲಾದರೂ ಸೊಟ್ಟಗೆ ನಡೆಯಲು ಬಿಡಿ.

ನಾನು ಹುಟ್ಟಿದ್ದು ಕುಬಿಹಾಳದಲ್ಲಿ. ನಮ್ಮದು ಎರೆಮಣ್ಣಿನ ಹೊಲ. ಬೇಸಿಗೆಯಲ್ಲಿ ಆ ನೆಲ ಬಿರಿಯುವುದನ್ನು ನೋಡದವರಿಗೆ ಹೇಳಿದರೆ ನಂಬುವುದಿಲ್ಲ. ನಾವು ಗೋಲಿ ಆಡುವಾಗ ಗೋಲಿ ಬಿರುಕಿಗೆ ಬಿದ್ದರೆ ಅದು ಪಾತಾಳಕ್ಕೆ ಹೋಯಿತೆಂದೇ ಲೆಕ್ಕ. ಕಿವಿಯಿಟ್ಟು ಕೇಳುತ್ತಿದ್ದೆವು, ತಳ ಮುಟ್ಟಿದ ಸದ್ದು ಬರಬಹುದೆಂದು. ಬರುತ್ತಿರಲಿಲ್ಲ. ಮಳೆಗಾಲದಲ್ಲಿ ಅದೇ ಮಣ್ಣು ಕಾಲಿಗೆ ಅಂಟಿ ಒಬ್ಬೊಬ್ಬರನ್ನೂ ಒಂದು ಗೇಣು ಎತ್ತರ ಮಾಡುತ್ತಿತ್ತು. ಅಂಥ ಊರಿನಲ್ಲಿ ಹುಲ್ಲಿಗೆ ಇದ್ದ ಜಾಗ ಎರಡೇ: ಒಂದು ಎತ್ತಿನ ಬಾಯಿ, ಇನ್ನೊಂದು ಹೊಲದ ಒಡ್ಡು. ಒಡ್ಡಿನಿಂದ ಅದು ಹೊಲಕ್ಕೆ ಇಳಿದರೆ ಯುದ್ಧ.

ಯುದ್ಧ ಅಂದರೆ ಕರಿಕೆಯ ಜೊತೆ. ಪುಸ್ತಕದಲ್ಲಿ ಅದಕ್ಕೆ ಗರಿಕೆ ಅನ್ನುತ್ತಾರೆ, ಗಣಪತಿಗೆ ಏರಿಸುತ್ತಾರೆ. ನಮ್ಮ ಅಪ್ಪ ಅದರ ಹೆಸರು ಹೇಳಿದ ಮೇಲೆ ಒಮ್ಮೆ ಉಗುಳುತ್ತಿದ್ದ. ಹೊಲವನ್ನು ಆಳವಾಗಿ ಉಳುವುದು, ಬೇರು ಆರಿಸಿ ಗುಡ್ಡೆ ಹಾಕುವುದು, ಒಣಗಿಸಿ ಸುಡುವುದು. ಇಷ್ಟೆಲ್ಲ ಆದ ಮೇಲೂ ಮೊದಲ ಮಳೆಗೆ ಅದು ಮತ್ತೆ ತಲೆ ಎತ್ತಿ ಅಪ್ಪನನ್ನು ನೋಡುತ್ತಿತ್ತು. ಅದೇ ಅಪ್ಪ ಮದುವೆಗಳಲ್ಲಿ ಅಕ್ಕಿಕಾಳು ಹಾಕುವಾಗ, “ಕರಿಕಿ ಹಬ್ಬಿದಂಗ ನಿಮ್ಮ ವಂಶ ಹಬ್ಬಲಿ” ಎಂದು ಹರಸುತ್ತಿದ್ದ. ಶತ್ರುವಿನ ಗುಣ ಒಪ್ಪಿಕೊಳ್ಳುವ ದೊಡ್ಡತನ ರೈತರಿಗೆ ಇರುತ್ತದೆ.

ನಡೆದಾಡುವುದಕ್ಕೆಂದೇ ಬೆಳೆಸಿದ ಹುಲ್ಲನ್ನು ನಾನು ಮೊದಲು ನೋಡಿದ್ದು ಧಾರವಾಡಕ್ಕೆ ಓದಲು ಹೋದಾಗ. ಯಾರೋ ದೊಡ್ಡ ಸಾಹೇಬರ ಬಂಗಲೆಯ ಮುಂದೆ ಹಸಿರು ಹಾಸಿತ್ತು. ಚಪ್ಪಲಿ ಬಿಟ್ಟು ಹತ್ತಿ ನಿಂತೆ. ಅಂಗಾಲಿಗೆ ತಂಪು ಹತ್ತಿ ಮಂಡಿಯವರೆಗೆ ಏರಿತು. ಅಷ್ಟರಲ್ಲಿ ಕಾವಲುಗಾರ ಓಡಿ ಬಂದ.

“ಚಪ್ಪಲಿ ಬಿಟ್ಟೀನ್ರಿ” ಎಂದೆ.

“ಗುಡಿ ಅಂತ ತಿಳದೀ ಏನ ಲೇ? ಇಳಿ ಕೆಳಗ!”

ಇಳಿದೆ. ಆದರೆ ಅಂಗಾಲು ಮರೆಯಲಿಲ್ಲ. ಅಣ್ಣಿಗೇರಿಯಲ್ಲಿ, ಗದಗ ರಸ್ತೆಯ ಬಾಜು ಮನೆ ಕಟ್ಟಿಸಿ, ನಿವೃತ್ತಿಯ ಶಾಲು ಹಾರ ಹಾಕಿಸಿಕೊಂಡು ಬಂದ ಮಾರನೆಯ ದಿನವೇ ಅದು ನನಗೆ ನೆನಪಿಸಿತು. ಮನೆಯ ಮುಂದೆ ನವಲಗುಂದದ ದೊಡ್ಡ ಜಮಖಾನ ನಾಲ್ಕು ಹಾಸುವಷ್ಟು ಜಾಗವಿತ್ತು. ದೀಪಾವಳಿಯ ಹೊತ್ತಿಗೆ ಹುಬ್ಬಳ್ಳಿಯ ಒಂದು ನರ್ಸರಿಯಿಂದ ಹುಲ್ಲು ಬಂತು. ಚಾಪೆಯ ಹಾಗೆ ಸುತ್ತಿದ ಹುಲ್ಲು! ಟೆಂಪೋದಿಂದ ಇಳಿಸಿ, ಬಿಚ್ಚಿ, ನೆಲದ ಮೇಲೆ ಹಾಸಿ ಹೋದರು. ಬೆಳಿಗ್ಗೆ ಕರಿ ನೆಲ, ಮಧ್ಯಾಹ್ನ ಹಸಿರು.

ರಸ್ತೆಯಲ್ಲಿ ಹೋಗುವವರು ನಿಂತು ಕೇಳತೊಡಗಿದರು.

“ಯಾವ ಬೆಳಿರಿ ಮಾಸ್ತರ ಇದು?”

“ಹುಲ್ಲು.”

“ಅದು ಕಾಣತೈತಿ. ಎಮ್ಮಿ ಎಷ್ಟ ಅದಾವ?”

“ಎಮ್ಮಿ ಇಲ್ರಿ.”

ಕೇಳಿದವರು ನನ್ನ ಮುಖವನ್ನು ಒಮ್ಮೆ, ಹುಲ್ಲನ್ನು ಒಮ್ಮೆ ನೋಡಿ, ನಿವೃತ್ತಿ ಆದ ಮೇಲೆ ಕೆಲವರಿಗೆ ಹೀಗಾಗುತ್ತದೆ ಎಂಬಂತೆ ತಲೆಯಾಡಿಸಿ ಹೋಗುತ್ತಿದ್ದರು.

ಇಲ್ಲಿ ನಾನು ನಮ್ಮ ಅತ್ತೆಯವರ ವಿಷಯ ಹೇಳಬೇಕು. ಅವರ ಹೆಸರು ನೀಲವ್ವ, ಕಲಘಟಗಿ ಕಡೆಯ ತಂಬೂರಿನವರು. ಗಿರಿಜಾ ಒಬ್ಬಳೇ ಮಗಳು. ಮಾವನವರು ತೀರಿಕೊಂಡ ಮೇಲೆ ಎರಡು ವರ್ಷ ಗದ್ದೆ ತಾವೇ ನೋಡಿಕೊಂಡರು. ಆಮೇಲೆ ಅದನ್ನು ಲಾವಣಿಗೆ, ಅಂದರೆ ಗೇಣಿಗೆ ಕೊಟ್ಟು, ನಾವು ಬಹಳ ಕರೆದದ್ದಕ್ಕೆ ನಮ್ಮ ಮನೆಗೆ ಬಂದರು. ಅವರದು ಹಳೆಯ ಮರ್ಯಾದೆ. ಅಳಿಯನ ಎದುರು ಅತ್ತೆ ಕೂರಬಾರದು, ಮಾತಾಡಬಾರದು. ನಮ್ಮ ಮದುವೆಯಾಗಿ ಮೂವತ್ತು ವರ್ಷವಾಗಿತ್ತು. ಅತ್ತೆಯವರು ನನಗೆಂದು ಒಂದು ಮಾತು ಆಡಿರಲಿಲ್ಲ. ಗಿರಿಜಾ ಬಾಜು ಇದ್ದರೆ, “ಅವರಿಗೆ ಹೇಳು, ಚಹಾ ಆರತೈತಿ” ಅನ್ನುತ್ತಿದ್ದರು. ನಾನು ಎರಡು ಮಾರು ದೂರದಲ್ಲೇ ಇರುತ್ತಿದ್ದೆ. ಗಿರಿಜಾ ತಿರುಗಿ, “ಚಹಾ ಆರತೈತಂತ” ಅನ್ನುತ್ತಿದ್ದಳು. ಅಷ್ಟರಲ್ಲಿ ಅದು ನಿಜಕ್ಕೂ ಆರಿರುತ್ತಿತ್ತು.

ಗಿರಿಜಾಳಿಗೆ ಅಂಚೆ ಕಚೇರಿಯಲ್ಲಿ ಕೆಲಸ. ಒಂಬತ್ತಕ್ಕೆ ಹೋದರೆ ಬರುವುದು ಸಂಜೆ. ನಡುವಿನ ಹೊತ್ತೆಲ್ಲ ಮನೆಯಲ್ಲಿ ನಾವಿಬ್ಬರೇ, ಮಾತಿಲ್ಲ. ಊಟಕ್ಕೆ ಕರೆಯಬೇಕಾದರೆ ಅತ್ತೆಯವರು ಅಡುಗೆಮನೆಯಿಂದ ಲೋಟದಲ್ಲಿ ತಟ್ಟೆಗೆ ಎರಡು ಸಲ ಬಡಿಯುತ್ತಿದ್ದರು. ಶಾಲೆಯ ಗಂಟೆಗೆ ಏಳುತ್ತಿದ್ದ ಜೀವ, ನನಗೆ ಬೇಗ ಒಗ್ಗಿತು. ಉಳಿದ ಹೊತ್ತು ಅವರು ತಲೆಬಾಗಿಲ ಒಳಗೆ ನೆಲದ ಮೇಲೆ ಕೂತು ಹೊರಗೆ ನೋಡುತ್ತಿದ್ದರು. ತುಟಿ ಮಾತ್ರ ಆಡುತ್ತಿತ್ತು. ಶಿವನಾಮ ಎಂದುಕೊಂಡು ನಾನು ಗೌರವದಿಂದ ಸದ್ದು ಮಾಡದೆ ಓಡಾಡುತ್ತಿದ್ದೆ.

ಹುಲ್ಲು ಎರಡು ತಿಂಗಳು ಚೆನ್ನಾಗಿತ್ತು. ಸಂಕ್ರಮಣದ ಹೊತ್ತಿಗೆ ಅಲ್ಲಲ್ಲಿ ಹಳದಿ ಬಂತು. ಹಸಿವಾಗಿರಬೇಕು ಎಂದು ನಾನು ಒಂದು ಚಕ್ಕಡಿ ಸಗಣಿ ಗೊಬ್ಬರ ತರಿಸಿ ಸುರಿದೆ. ಹಳದಿ ಹೆಚ್ಚಾಯಿತು. ಬಾಯಾರಿಕೆ ಇರಬೇಕು ಎಂದು ಬೋರಿನ ನೀರನ್ನು ದಿನಕ್ಕೆ ಎರಡು ಹೊತ್ತು ಬಿಟ್ಟೆ. ಹಳದಿ ಹೋಗಿ ಕಂದು ಬಂತು. ಉದ್ದವಾಗಿ ಸೊರಗಿದೆ ಎಂದು ಕತ್ತರಿ ತಂದು ಬುಡದವರೆಗೆ ಬೋಳಿಸಿದೆ. ಶಿವರಾತ್ರಿಗೆ ನಮ್ಮ ಅಂಗಳ ತಿರುಪತಿಗೆ ಹೋಗಿ ಬಂದವರ ತಲೆಯ ಹಾಗೆ ಕಾಣುತ್ತಿತ್ತು. ಹೆಡ್ಡ ವಿದ್ಯಾರ್ಥಿಗೆ ಹೆಚ್ಚು ಹೆಚ್ಚು ಮನೆಗೆಲಸ ಕೊಟ್ಟು ಉದ್ಧಾರ ಮಾಡಲು ಹೋದ ಮಾಸ್ತರ ನಾನು, ಆ ಹುಲ್ಲನ್ನೂ ಹಾಗೆಯೇ ಕೊಂದೆ.

ಯುಗಾದಿಗೆ ಎರಡು ವಾರ ಇರುವಾಗ ಗಿರಿಜಾ ಖಾದರಸಾಬರನ್ನು ಕರೆಸಿದಳು. ಅವರು ಸರ್ಕಾರಿ ಬಂಗಲೆಗಳಲ್ಲಿ ಮಾಲಿಯಾಗಿದ್ದು ನಿವೃತ್ತರಾದವರು, ಪಿಂಚಣಿಗೆ ಅಂಚೆ ಕಚೇರಿಗೆ ಬಂದಾಗ ಅವಳಿಗೆ ಪರಿಚಯ. ಬಿಳಿ ಟೋಪಿ, ಮಡಚಿದ ಪೈಜಾಮ. ಬಂದವರು ನನ್ನನ್ನು ಏನೂ ಕೇಳಲಿಲ್ಲ. ಮೊದಲು ನಲ್ಲಿಯ ನೀರನ್ನು ಬೊಗಸೆಯಲ್ಲಿ ಹಿಡಿದು ನಾಲಿಗೆಗೆ ಮುಟ್ಟಿಸಿ ಉಗುಳಿದರು.

“ಸವಳ ಐತಿ. ಈ ನಾಜೂಕ ಹುಲ್ಲು ಇದನ್ನ ಎಷ್ಟ ದಿನಾ ಕುಡೀತೈತ್ರಿ ಮಾಸ್ತರ್ರ?”

ಆಮೇಲೆ ಬಗ್ಗಿ, ಸತ್ತ ಹುಲ್ಲಿನ ಒಂದು ಅಂಚು ಹಿಡಿದು ಎಳೆದರು. ಹಾಸಿಗೆ ಸುತ್ತಿದ ಹಾಗೆ ಅದು ಮೇಲೆದ್ದು ಬಂತು. ಬೇರೇ ಇಲ್ಲ. ಕೆಳಗೆ ಬೆಳ್ಳಗೆ, ದಪ್ಪಗೆ, ಮುರುಟಿಕೊಂಡು ಮಲಗಿದ ಗೊಣ್ಣೆಹುಳುಗಳು, ಹೋಳಿಗೆ ಉಂಡು ಮಲಗಿದ ಬೀಗರ ಹಾಗೆ. ಬೇರೆಲ್ಲ ಅವುಗಳ ಹೊಟ್ಟೆಯಲ್ಲಿತ್ತು.

ಆಗ ಬಾಗಿಲ ಒಳಗಿನಿಂದ ದನಿ ಬಂತು.

“ಅಣ್ಣಾರ, ಅವರಿಗೆ ಹೇಳ್ರಿ, ಕಳೀಲಾರದ ಹಸಿ ಗೊಬ್ಬರ ಹಾಕಿದ್ರ ಹುಳಾ ಬರತೈತಂತ. ಸಂಕ್ರಮಣದಿಂದ ಬಡ್ಕೊಳ್ಳಾಕತ್ತೀನಿ. ದಿನಾ ಎರಡ ಹೊತ್ತು ನೀರ ಬಿಡಬಾರ್ದು ಅಂತನೂ ಬಡ್ಕೊಂಡೆ. ಬುಡಮಟ ಕತ್ತರಸಬಾರ್ದು ಅಂತನೂ.”

ಅಂದರೆ ಅದು ಶಿವನಾಮವಾಗಿರಲಿಲ್ಲ! ಎರಡು ತಿಂಗಳು ಆ ತಾಯಿ ಬಾಗಿಲಲ್ಲಿ ಕೂತು ನನ್ನ ಪ್ರತಿಯೊಂದು ತಪ್ಪನ್ನೂ ಹೊಸ್ತಿಲಿಗೆ ಹೇಳುತ್ತಿದ್ದರು. ಸಂಜೆ ಮಗಳಿಗೂ ಹೇಳಿದ್ದರಂತೆ. ಅವಳು ದಿನವಿಡೀ ಜನರೊಂದಿಗೆ ಬಾಯಿ ಬಡಿದುಕೊಂಡು ಬಂದವಳು, ಹುಲ್ಲಿನ ಮಾತು ಮರೆತಿದ್ದಳು.

ಖಾದರಸಾಬರು ನನ್ನ ಕಡೆ ತಿರುಗಿ, “ಮಾಸ್ತರ್ರ, ಅಕ್ಕಾರು ಹೇಳಾಕತ್ತಾರ, ಹಸಿ ಗೊಬ್ಬರ ಹಾಕಬಾರ್ದಿತ್ತಂತ” ಎಂದರು.

“ಕೇಳಿಸ್ತ್ರಿ” ಎಂದೆ.

ಅಂದಿನಿಂದ ಹೊಸ ಏರ್ಪಾಡು ಶುರುವಾಯಿತು. ಖಾದರಸಾಬರು ದಿನಾ ಬೆಳಿಗ್ಗೆ ಬರುತ್ತಿದ್ದರು. ನೌಕರಿಯ ಮೊದಲ ವರ್ಷಗಳನ್ನು ಅವರು ಕಲಘಟಗಿ ಕಡೆ ಕಳೆದಿದ್ದರು. ಅಷ್ಟು ಸಾಕಾಯಿತು, ಅತ್ತೆಯವರ ಪಾಲಿಗೆ ಅವರು ತವರಿನ ಅಣ್ಣನಾದರು. ಬಾಗಿಲ ಒಳಗಿದ್ದ ಅತ್ತೆಯವರು ಮೊದಲು ಹೊಸ್ತಿಲಿಗೆ, ಹೊಸ್ತಿಲಿಂದ ಕಟ್ಟೆಗೆ ಬಂದರು. ಇಬ್ಬರೂ ಮಾತಾಡಿ ತೀರ್ಮಾನ ಮಾಡುತ್ತಿದ್ದರು, ನಾನು ಸಲಿಕೆ ಹಿಡಿಯುತ್ತಿದ್ದೆ. ಹಳೆಯ ಹುಲ್ಲೆಲ್ಲ ತೆಗೆದು ಹುಳು ಆರಿಸಿದೆವು. ಬೇಸಿಗೆ ಪೂರ್ತಿ ನೆಲ ಅಗೆದು ಬಿಸಿಲಿಗೆ ಬಿಟ್ಟೆವು. ಎರೆಮಣ್ಣು ಬಿಗಿಯಾಗಿ ಬೇರಿನ ಉಸಿರು ಕಟ್ಟಿಸುತ್ತದೆ ಎಂದು ಉಸುಕು ಬೆರೆಸಿದೆವು. ವರ್ಷ ಕಳೆದು ಪುಡಿಯಾಗಿ, ಮೂಗಿಗೆ ಹಿಡಿದರೆ ವಾಸನೆಯೇ ಇಲ್ಲದ ಗೊಬ್ಬರ ಹುಡುಕಿ ತಂದೆವು. ಮಳೆ ನೀರು ನಿಲ್ಲದಂತೆ ರಸ್ತೆಯ ಕಡೆಗೆ ಸ್ವಲ್ಪ ಇಳುಕಲು ಕೊಟ್ಟೆವು. ಇಳುಕಲಿನ ಲೆಕ್ಕ ನಾನು ಹಾಳೆಯ ಮೇಲೆ ಹಾಕಿದೆ. ಖಾದರಸಾಬರು ಒಂದು ಕೊಡ ನೀರು ಸುರಿದು, ಅದು ಹರಿದ ದಿಕ್ಕು ನೋಡಿ, ನನ್ನ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಳ್ಳಲು ಹೇಳಿದರು.

“ಈಗ ಹುಲ್ಲು ಎಲ್ಲಿಂದ ತರಸೂಣು?” ಎಂದು ನಾನು ಕೇಳಿದೆ.

“ತರಸೂದ್ಯಾಕ? ಇಲ್ಲೇ ಹಿಂದಿನ ಹೊಲದ ಒಡ್ಡಿನ ಮ್ಯಾಲೆ ಐತೆಲ್ಲ, ಕರಿಕಿ. ಸವಳ ನೀರು, ಎರಿ ಮಣ್ಣು, ಯಾವುದಕ್ಕೂ ಜಗ್ಗಂಗಿಲ್ಲ ಅದು.”

ಕರಿಕೆ! ನಮ್ಮ ಅಪ್ಪ ಜೀವಮಾನವಿಡೀ ಸುಟ್ಟದ್ದನ್ನು ನಾನು ಕೈಯಾರೆ ಹಚ್ಚಬೇಕು. ಒಂದು ಕ್ಷಣ ಅಪ್ಪ ಎಲ್ಲಿದ್ದಾನೋ ಅಲ್ಲಿ ಉಗುಳಿದಂತೆ ಅನಿಸಿತು.

ಆದರೆ ಅತ್ತೆಯವರು ಎದ್ದು ನಿಂತರು. “ಅಣ್ಣಾರ, ಎಲ್ಲಾ ಕರಿಕಿ ಒಂದ ಅಲ್ಲ. ದಪ್ಪ ಕಡ್ಡೀದು ಬ್ಯಾಡ. ಎಲಿ ಸಣ್ಣದು, ಕಡ್ಡಿ ಮ್ಯಾಲಿನ ಗಣಿಕಿ ಗಂಟು ಹತ್ತರ ಹತ್ತರ ಇರೂದ ಆರಸಬೇಕು. ನಾನ ಬರ್ತೀನಿ.” ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೇ ಬಿಟ್ಟರು. ನಮ್ಮ ಮನೆಗೆ ಬಂದ ಮೇಲೆ ಅವರು ಅಷ್ಟು ಬಿರುಸಾಗಿ ನಡೆದದ್ದನ್ನು ನಾನು ನೋಡಿರಲಿಲ್ಲ. ಕಳೆ ಕೀಳುವುದರಲ್ಲಿ ಆಯುಷ್ಯ ಕಳೆದ ಕೈ ಅದು. ಕರಿಕೆ ಹೇಗೆ ಸಾಯುವುದಿಲ್ಲ ಎಂಬುದು ಅವರಷ್ಟು ಯಾರಿಗೆ ಗೊತ್ತು? ಹೊಲದ ಯಜಮಾನನನ್ನು ಕೇಳಿದರೆ ಅವನು ಕೈ ಎತ್ತಿ ಮುಗಿದ. “ಅಗದಿ ಪುಣ್ಯದ ಕೆಲಸ ಮಾಡಾಕತ್ತೀರಿ. ಒಂದ ಎಳಿನೂ ಬಿಡಬ್ಯಾಡ್ರಿ ಮತ್ತ!”

ಜೂನಿನಲ್ಲಿ ಮಿರಗದ ಮಳೆ ಬಿದ್ದ ಮೇಲೆ ಕರಿಕೆಯ ತುಂಡುಗಳನ್ನು ಗೇಣಿಗೆ ಎರಡರಂತೆ ಊರಿದೆವು. ಊರಿದ ಮೂರನೆಯ ದಿನ ಖಾದರಸಾಬರು ಸವಣೂರಿನಲ್ಲಿದ್ದ ಮಗಳ ಮನೆಗೆ ಹೋದರು, ಹದಿನೈದು ದಿನಕ್ಕೆ. ಹೋಗುವಾಗ, “ಕಳೆ ಬಂದ್ರ ಸಣ್ಣದಿದ್ದಾಗನ ತಗೀರಿ ಮಾಸ್ತರ್ರ” ಎಂದು ಹೇಳಿದರು.

ಹತ್ತು ದಿನಕ್ಕೆ ನೆಲ ಹಸಿರಾಯಿತು. ಒಂದು ಬೆಳಿಗ್ಗೆ ಗಿರಿಜಾ ಕೆಲಸಕ್ಕೆ ಹೋದ ಮೇಲೆ ನಾನು ಸ್ಟೂಲು ಹಾಕಿಕೊಂಡು ಕಳೆ ಕೀಳಲು ಕೂತೆ. ಎರಡು ಥರದ ಹಸಿರು ಇತ್ತು. ಒಂದು ಮಿರಮಿರ ಮಿಂಚುತ್ತ, ನೆಟ್ಟಗೆ ನಿಂತು, ಒಳ್ಳೆಯ ಮನೆತನದ ಹಾಗೆ ಕಾಣುತ್ತಿತ್ತು. ಇನ್ನೊಂದು ಬಡಕಲು, ನೆಲಕ್ಕೆ ಹತ್ತಿಕೊಂಡು ಅಡ್ಡಾದಿಡ್ಡಿ ಹರಿಯುತ್ತಿತ್ತು. ಎರಡನೆಯದು ಕಳೆ ಎಂದು ನಿರ್ಧರಿಸಿ ಒಂದೊಂದೇ ಕಿತ್ತು ಬಾಜು ಗುಡ್ಡೆ ಹಾಕತೊಡಗಿದೆ. ಹಾಡೊಂದು ಗುನುಗಿಕೊಂಡದ್ದೂ ನೆನಪಿದೆ.

ಹಿಂದೆ ಕಟ್ಟೆಯ ಮೇಲೆ ಬಳೆ ಸದ್ದಾಯಿತು. ಕೆಮ್ಮಾಯಿತು. ಲೋಟ ತಟ್ಟೆಗೆ ಬಡಿಯಿತು. ಊಟಕ್ಕೆ ಇಷ್ಟು ಬೇಗ ಯಾಕೆ ಎಂದುಕೊಂಡು ಕೀಳುತ್ತಲೇ ಇದ್ದೆ. ಲೋಟ ಮತ್ತೆ ಬಡಿಯಿತು, ಜೋರಾಗಿ. ಆಮೇಲೆ ಸಿಡಿಲಿನಂತೆ ಒಂದು ದನಿ:

“ಏ ಹುಚ್ಚಪ್ಪಾ! ಕರಿಕಿ ಕಿತ್ತು ಜೇಕ ಬಿಡಾಕತ್ತೀಯಲ್ಲೋ!”

ತಿರುಗಿ ನೋಡಿದೆ. ಅತ್ತೆಯವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಮೂವತ್ತು ವರ್ಷದ ಮರ್ಯಾದೆ ಕಣ್ಣೆದುರು ಒಡೆದು ಬಿದ್ದಂತೆ ಅವರ ಮುಖ ಬಿಳಿಚಿತ್ತು. ಮರುಕ್ಷಣ ಒಳಗೆ ಹೋಗಿಬಿಟ್ಟರು.

ಆ ಮಧ್ಯಾಹ್ನ ತಟ್ಟೆಯ ಸದ್ದೇ ಬರಲಿಲ್ಲ. ಹೋಗಿ ನೋಡಿದರೆ ನನಗೆ ರೊಟ್ಟಿ ಪಲ್ಲೆ ಬಡಿಸಿ ಮುಚ್ಚಿಟ್ಟಿದ್ದರು. ತಾವು ಹಿತ್ತಲ ಬಾಗಿಲಲ್ಲಿ ಆ ಕಡೆ ಮುಖ ಮಾಡಿ ಕೂತಿದ್ದರು. ಉಂಡಂತೆ ಕಾಣಲಿಲ್ಲ. ನನಗೆ ಬೈಸಿಕೊಂಡ ಬೇಸರ ಎಳ್ಳಷ್ಟೂ ಇರಲಿಲ್ಲ. ನಿಜ ಹೇಳಬೇಕೆಂದರೆ, ನನ್ನ ಅವ್ವ ಹೋದ ಮೇಲೆ ನನಗೆ ಯಾರೂ ಹುಚ್ಚಪ್ಪ ಅಂದಿರಲಿಲ್ಲ. ಮಾಸ್ತರನಾದವನಿಗೆ ಮುಖದ ಮೇಲೆ ಬೈಯುವವರು ಸಿಗುವುದಿಲ್ಲ.

ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಹೇಳಿದೆ: “ಅತ್ತಿಯಾರ, ನಾ ಏನೂ ತಪ್ಪ ತಿಳಕೊಂಡಿಲ್ರಿ. ಆದ್ರ ಯಾವುದು ಕೀಳಬೇಕು, ಯಾವುದು ಬಿಡಬೇಕು ನನಗ ಖರೇನ ತಿಳೀವಲ್ದು. ನೀವು ಹೇಳಲಿಲ್ಲಂದ್ರ ಸಂಜಿಯೊಳಗ ಎಲ್ಲಾ ಕಿತ್ತು ಒಗದಬಿಡ್ತೀನಿ ನೋಡ್ರಿ.”

ಅವರು ಮುಖ ತಿರುಗಿಸದೆಯೇ, “ಹಂಗ ಮಾಡಬ್ಯಾಡ್ರಿ” ಎಂದರು.

“ಹಂಗಾರ ಬರ್ರಿ, ತೋರಸ್ರಿ. ಮೊದಲ ಉಣ್ಣೂಣು.”

ಉಂಡೆವು, ಅವರು ಅಲ್ಲಿ, ನಾನು ಇಲ್ಲಿ. ಆಮೇಲೆ ಅಂಗಳಕ್ಕೆ ಬಂದು ಅವರು ಮಿಂಚುವ ಹುಲ್ಲಿನ ಒಂದು ಕಡ್ಡಿ ಕಿತ್ತು ನನ್ನ ಕೈಗೆ ಕೊಟ್ಟರು. “ಬೆರಳಾಗ ಹಿಡದು ತಿರುವ್ರಿ.” ತಿರುವಿದೆ. ದುಂಡಗಿರಲಿಲ್ಲ, ಬೆರಳಿಗೆ ಮೂಲೆ ಹತ್ತಿತು. ಒಂದು, ಎರಡು, ಮೂರು. “ಮೂರ ಮೂಲಿ ಇದ್ರ ಜೇಕು. ಕರಿಕಿ ದುಂಡಗ ಇರತೈತಿ.”

ಮೂವತ್ತೈದು ವರ್ಷ ತ್ರಿಕೋನ ಕಲಿಸಿದವನು ನಾನು. ಒಂದು ತ್ರಿಕೋನ ಹೀಗೆ ಹಸಿರಾಗಿ, ಗೇಣುದ್ದ ಬೆಳೆದು ನನ್ನ ಎದುರು ನಿಂತಿದ್ದಾಗ ಗುರುತು ಹಿಡಿಯಲಿಲ್ಲ.

“ಕೈಲೆ ಜಗ್ಗಿದ್ರ ಮ್ಯಾಲಿನದಷ್ಟ ಬರತೈತಿ. ಕೆಳಗ ಗಡ್ಡಿ ಇರತೈತಿ, ಅದು ಮತ್ತ ಚಿಗೀತೈತಿ. ಕುರ್ಪಿ ಹಾಕಿ ಗಡ್ಡಿಸಮೇತ ತಗೀಬೇಕು” ಎಂದು ತೋರಿಸಿದರು. ಕಡಲೆಕಾಳಿನಷ್ಟು ಕಪ್ಪು ಗಡ್ಡೆ ಅಂಗೈಗೆ ಬಂತು. ಮೊದಮೊದಲು ಮಾತು ನನಗೆ, ಮುಖ ಗೋಡೆಗೆ ಇತ್ತು. ನಾಲ್ಕನೆಯ ಗಡ್ಡೆ ನಾನು ಅರ್ಧಕ್ಕೆ ತುಂಡು ಮಾಡಿದಾಗ ಸಹನೆ ತಪ್ಪಿ ನೇರ ನನ್ನನ್ನೇ ನೋಡಿದರು.

ಸಂಜೆ ಗಿರಿಜಾ ಬಂದಾಗ ನಾವಿಬ್ಬರೂ ಮಣ್ಣಿನ ಕೈಯಲ್ಲಿ ಅಂಗಳದ ನಡುವೆ ಕೂತು ಜೇಕಿನ ಬಗ್ಗೆ ವಾದ ಮಾಡುತ್ತಿದ್ದೆವು. ಅವಳು ಗೇಟು ಹಿಡಿದುಕೊಂಡೇ ನಿಂತಳು. “ನಾ ಒಳಗ ಬರಲ್ಯೋ, ಇಲ್ಲಾ ಆಮ್ಯಾಲೆ ಬರಲ್ಯೋ?” ಎಂದಳು. ದನಿ ನಗುತ್ತಿತ್ತು, ಕಣ್ಣು ಬೇರೇನೋ ಮಾಡುತ್ತಿತ್ತು.

ಆಮೇಲೆ ಅದು ದಿನದ ರೂಢಿಯಾಯಿತು. ಬೆಳಗಿನ ಎಳೆ ಬಿಸಿಲಲ್ಲಿ ಒಂದು ತಾಸು ಇಬ್ಬರೂ ಕುರ್ಪಿ ಹಿಡಿದು ಕೂರುತ್ತೇವೆ. ಕೈ ನೆಲದಲ್ಲಿದ್ದರೆ ಬಾಯಿಗೆ ಸಂಕೋಚ ಕಡಿಮೆ. ಗಿರಿಜಾ ಚಿಕ್ಕವಳಿದ್ದಾಗ ಗದ್ದೆಯಲ್ಲಿ ಕಪ್ಪೆ ಹಿಡಿದು ಬುತ್ತಿ ಡಬ್ಬಿಯಲ್ಲಿ ಮುಚ್ಚಿಟ್ಟು, ಮಾವನವರು ಉಣ್ಣಲು ತೆಗೆದಾಗ ಅದು ಎದೆಗೇ ಹಾರಿದ ಕಥೆ ನನಗೆ ಸಿಕ್ಕಿದ್ದು ಹೀಗೆ. ಮನೆಯ ರಾಜಕೀಯದಲ್ಲಿ ನನಗೆ ಅದು ಬಹಳ ಉಪಯೋಗಕ್ಕೆ ಬಂದಿದೆ.

ಒಂದು ದಿನ ಹಾಗೇ ಕೈ ಆಡಿಸುತ್ತ ಅತ್ತೆಯವರು ಹೇಳಿದರು: “ಯುಗಾದಿ ಮುಗಿಸಿ ಊರಿಗೆ ಹೋಗಬೇಕಂತ ಮಾಡಿದ್ನಿ. ಚೀಲಾನೂ ತುಂಬಿಟ್ಟಿದ್ನಿ. ಗಿರಿಜಾಗೂ ಹೇಳಿದ್ದಿಲ್ಲ.”

ನನ್ನ ಕೈ ನಿಂತಿತು. “ಯಾಕ್ರಿ? ನಮ್ಮಿಂದೇನರ ತಪ್ಪಾಗಿತ್ತೇನು?”

“ನಿಮ್ಮಿಂದ ಏನಿಲ್ರಿ. ಮಗಳ ಮನ್ಯಾಗ ಸುಮ್ನ ಕುಂತು ಉಂಡ್ರ ತುತ್ತು ಗಂಟಲದಾಗ ಇಳೀತಿದ್ದಿಲ್ಲ. ಮಾತಿಲ್ಲ, ಕೆಲಸಿಲ್ಲ.”

“ಮತ್ತ ಯಾಕ ಹೋಗಲಿಲ್ಲ?”

ಅವರು ಕುರ್ಪಿಯ ಮಣ್ಣು ಜಾಡಿಸಿದರು. “ನೀವು ಆ ಹುಲ್ಲ ಕೊಂದ್ರೆಲ್ಲ! ಅದನ್ನ ಹಂಗ ಬಿಟ್ಟ ಹ್ಯಾಂಗ ಹೋಗೂದು?”

ಬದುಕಿನಲ್ಲಿ ನಾನು ಮಾಡಿದ ಸರಿ ಕೆಲಸಗಳ ಪಟ್ಟಿ ದೊಡ್ಡದೇನಲ್ಲ. ಅದರಲ್ಲಿ ಆ ಹಸಿ ಗೊಬ್ಬರ ಸುರಿದದ್ದನ್ನು ಈಗ ಮೇಲಿನ ಸಾಲಿನಲ್ಲಿ ಇಟ್ಟಿದ್ದೇನೆ.

ಖಾದರಸಾಬರು ಸವಣೂರಿನಿಂದ ಬಂದು, ಅಂಗೈ ಹಾಸಿ ಹುಲ್ಲಿನ ಮೇಲೆ ಒಮ್ಮೆ ಎಳೆದು, “ಭೇಷ್” ಎಂದರು. ಈಗ ವಾರಕ್ಕೊಮ್ಮೆ ಚಹಾಕ್ಕೆ ಬರುತ್ತಾರೆ, ಚಹಾ ಕುಡಿಯುತ್ತ ತಪ್ಪು ಹುಡುಕುತ್ತಾರೆ. ನೀರು ಎರಡು ಮೂರು ದಿನಕ್ಕೊಮ್ಮೆ, ಬೆಳಿಗ್ಗೆಯೇ, ಬೇರಿಗೆ ಇಳಿಯುವಷ್ಟು. ಕತ್ತರಿಸುವಾಗ ಮೂರರಲ್ಲಿ ಒಂದು ಪಾಲು ಮಾತ್ರ. ಈ ಭಿನ್ನರಾಶಿ ನನ್ನ ವಶ. ನೆಲ ಬಿಗಿಯಾದರೆ ಕಬ್ಬಿಣದ ಸಲಾಕೆಯಿಂದ ಚುಚ್ಚಿ ಉಸುಕು ತುಂಬುವುದು. ನಡುವೆ ಒಂದು ಕಡೆ ಇನ್ನೂ ಬೋಳಾಗಿದೆ, ಅದು ಯಾಕೆ ಎಂದು ಮೂವರಿಗೂ ಗೊತ್ತಿಲ್ಲ. ಸಾಹೇಬರ ಬಂಗಲೆಯ ಹುಲ್ಲಿನಷ್ಟು ಮೆತ್ತಗಿಲ್ಲ, ಅಂಗಾಲಿಗೆ ಸ್ವಲ್ಪ ಚುಚ್ಚುತ್ತದೆ. ನಮ್ಮ ಕಡೆಯ ಮಾತಿನ ಹಾಗೆ. ನನಗೆ ಸಾಕು.

ಕಳೆದ ತಿಂಗಳು ತಂಬೂರಿನಿಂದ ಅತ್ತೆಯವರ ಅಕ್ಕ ಗೌರವ್ವ ಬಂದಿದ್ದರು. ಎಂಬತ್ತು ದಾಟಿದವರು, ಮರ್ಯಾದೆಯಲ್ಲಿ ತಂಗಿಗಿಂತ ಒಂದು ಕೈ ಮೇಲು. ಗೇಟು ತೆಗೆದು ಬಂದವರು ಅಂಗಳದಲ್ಲೇ ನಿಂತುಬಿಟ್ಟರು. ಅತ್ತೆಯವರು ಹುಲ್ಲಿನ ಮೇಲೆ ಕಾಲು ಚಾಚಿ ಕೂತು ಚಹಾ ಕುಡಿಯುತ್ತಿದ್ದರು. ಪಕ್ಕದಲ್ಲಿ ನಾನು ಮಂಡಿಯೂರಿ, ಅವರು ಬೆರಳು ತೋರಿಸಿದ ಕಡೆ ಕುರ್ಪಿ ಹಾಕುತ್ತಿದ್ದೆ.

“ಅಯ್ಯ ನಮ್ಮವ್ವ! ಅಳಿಯಾರ ಮುಂದ ಹಿಂಗ ಕಾಲು ಚಾಚಿ ಕುಂತೀಯಲ್ಲ ನೀಲವ್ವಾ! ನಾಚಿಕಿ ಎಲ್ಲಿ ಬಿಟ್ಟಿ?” ಎಂದು ಗೌರವ್ವ ಕೆನ್ನೆಗೆ ಕೈ ಹಚ್ಚಿದರು.

ಅತ್ತೆಯವರು ಗಾಬರಿಯಾಗಿ ಏಳಬಹುದು ಎಂದುಕೊಂಡೆ. ಏಳಲಿಲ್ಲ. ಉಳಿದ ಚಹಾವನ್ನು ನಿಧಾನವಾಗಿ ಕುಡಿದು ಮುಗಿಸಿ, ಕಪ್ಪು ಬಸಿ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ಅಕ್ಕನಿಗೆ ಹೇಳಿದರು:

“ಅಳಿಯಾರು ಮನಿಯೊಳಗ, ಯಕ್ಕಾ. ಇಲ್ಲಿ ಇವರು ನನ್ನ ಆಳು.”

ಗೌರವ್ವ ಬಾಯಿ ತೆರೆದು ನನ್ನ ಕಡೆ ನೋಡಿದರು. ನಾನು ಅವರಿಗೆ ನಮಸ್ಕಾರ ಮಾಡಬೇಕೆಂದು ಕೈ ಎತ್ತಿದೆ. ಅಷ್ಟರಲ್ಲಿ ಅತ್ತೆಯವರ ಬೆರಳು ಇನ್ನೊಂದು ಜೇಕಿನ ಕಡೆ ತೋರಿಸಿತು, ನಾನು ಬಗ್ಗಿದೆ.